ಹೂಂಗುಟ್ಟುವ ಡಬ್ಬಿ

ನನ್ನ ದನಿ ನನಗೇ ಹೊಲಸು ಅನ್ನಿಸಿದ್ದು ನಮ್ಮ ಕಂಪನಿಯ ಕೈತೊಳೆಯುವ ನಲ್ಲಿಗಳ ಹತ್ತಿರ, ಹನ್ನೊಂದು ಗಂಟೆಯ ಚಹಾದ ಹೊತ್ತಿಗೆ. ಗೋಡೆಗೆ ಜಡಿದ ಡಬ್ಬಿಯ ಮುಂದೆ ಒಬ್ಬ ಹೆಣ್ಣುಮಗಳು ಕೈಗೆ ಮೆತ್ತಿದ, ಬೀಜಕ್ಕೆ ಹಚ್ಚುವ ಗುಲಾಬಿ ಬಣ್ಣದ ಔಷಧಿ ಪುಡಿ ತೊಳೆಯುತ್ತ, ಸೊಸೆ ತನ್ನ ಜೊತೆ ಮಾತು ಬಿಟ್ಟು ಹದಿನೈದು ದಿನವಾಯಿತೆಂದು ಹೇಳಿಕೊಳ್ಳುತ್ತಿದ್ದಳು. ಡಬ್ಬಿ ‘ಹೂಂ’ ಅಂದಿತು. ಆಕೆಯ ಕಣ್ಣು ತುಂಬಿ ಬಂತು, ಮುಂದಿನದನ್ನೂ ಹೇಳಿದಳು. ಡಬ್ಬಿ ಮತ್ತೆ ‘ಹೂಂ’ ಅಂದಿತು. ಆ ಹೂಂ ನನ್ನದು. ನನ್ನ ಗಂಟಲು, ನನ್ನ ಉಸಿರು, ಕೊನೆಯಲ್ಲಿ ತುಸು ಕೆಳಗಿಳಿದು ನಿಲ್ಲುವ ನನ್ನ ರೀತಿ. ನಾನು ಮಾತ್ರ ಹತ್ತು ಹೆಜ್ಜೆ ಆಚೆ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಉಗುಳಬೇಕು ಅನ್ನಿಸಿತು. ಏನನ್ನು ಉಗುಳಲಿ?

ಮೊದಲಿನಿಂದ ಹೇಳುತ್ತೇನೆ.

ನಮ್ಮದು ಬೀಜದ ಕಂಪನಿ. ರಾಣೆಬೆನ್ನೂರು ದಾಟಿ ಹೆದ್ದಾರಿ ಹಿಡಿದರೆ ಎಡಗಡೆಗೆ ನೀಲಿ ಶೀಟಿನ ಉದ್ದುದ್ದ ಶೆಡ್ಡುಗಳು. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜುಗಳ ಮುಂದೆ ಮುನ್ನೂರ ನಲವತ್ತು ಹೆಂಗಸರು ಕೂತು ಮೆಣಸಿನಕಾಯಿ, ಬದನೆ, ಟೊಮ್ಯಾಟೊ ಬೀಜ ಆರಿಸುತ್ತಾರೆ. ಗಟ್ಟಿ ಬೀಜ ಬಲಕ್ಕೆ. ಚುಕ್ಕಿ ಬಿದ್ದದ್ದು, ಒಡೆದದ್ದು, ಜೊಳ್ಳು ಎಡಕ್ಕೆ. ನಾನೂ ಒಂಬತ್ತು ವರ್ಷ ಆ ಮೇಜಿನ ಮುಂದೆ ಕೂತವಳೇ. ಆಮೇಲೆ ಟೈಮ್ ಆಫೀಸಿಗೆ ಹಾಕಿದರು. ಹಾಜರಿ, ರಜೆ, ಗೇಟ್ ಪಾಸು, ಇಎಸ್‌ಐ ಆಸ್ಪತ್ರೆಯ ಚೀಟಿ ಎಲ್ಲವೂ ನನ್ನ ಕಿಟಕಿಯಿಂದ ಹೋಗಬೇಕು. ಹೆಸರು ದಾಕ್ಷಾಯಣಿ. ಹೆಂಗಸರ ಬಾಯಲ್ಲಿ ದಾಕ್ಷಾಣಕ್ಕ.

ನನ್ನ ಅಪ್ಪ ಗುರುಪಾದಯ್ಯನವರು ಶ್ರಾವಣದಲ್ಲಿ ಮಠಗಳಲ್ಲಿ ಪುರಾಣ ಓದುತ್ತಿದ್ದವರು. ಷಟ್ಪದಿಯನ್ನು ರಾಗವಾಗಿ ಹಾಡಿ, ಅರ್ಥ ಬಿಡಿಸುತ್ತಿದ್ದರು. ಪುರಾಣ ಓದುವವರ ಎದುರಿಗೆ ಹೂಂಗುಟ್ಟುವವರು ಒಬ್ಬರು ಬೇಕು. ಅದು ನಮ್ಮ ಕಡೆಯ ಕ್ರಮ. ಹೂಂ ಬರದಿದ್ದರೆ ಓದುವವರು ಅಲ್ಲಿಗೇ ನಿಲ್ಲಿಸುತ್ತಾರೆ. ಏಳನೆಯ ವರ್ಷಕ್ಕೆ ಅಪ್ಪ ನನ್ನನ್ನು ಎದುರಿಗೆ ಕೂರಿಸಿಕೊಂಡರು. ಸಾಲು ಮುಗಿದು, ಅದರ ಅರ್ಥ ಒಳಗಿಳಿದ ಮೇಲೆ ಹೂಂ. ಮೊದಲೇ ಅಂದರೆ ಕೇಳಿಲ್ಲವೆಂದು ಲೆಕ್ಕ, ತಡವಾಗಿ ಅಂದರೆ ತೂಕಡಿಸುತ್ತಿದ್ದೀ ಎಂದು ಲೆಕ್ಕ. ಕರುಣೆಗೆ ಒಂದು ಹೂಂ, ಬೆರಗಿಗೆ ಒಂದು, ಮುಂದೇನು ಎಂಬುದಕ್ಕೆ ಇನ್ನೊಂದು. ನಲವತ್ತೈದು ವರ್ಷ ಇದೊಂದನ್ನೇ ಮಾಡಿದ್ದೇನೆ. ಬಾಯಿಬಿಟ್ಟು ಒಂದು ಪದ್ಯ ಓದಿದವಳಲ್ಲ. ಇದನ್ನು ನಾನು ಪೂಜೆಯೆಂದೇ ತಿಳಿದಿದ್ದೆ.

ಕಂಪನಿ ಮೊದಲು ತಂದದ್ದು ಮೊಬೈಲಿನ ಆ್ಯಪ್. ರಜೆ, ದೂರು, ಚೀಟಿ ಎಲ್ಲವನ್ನೂ ಇನ್ನು ಅದರಲ್ಲೇ ಕೇಳಬೇಕೆಂದು ಎಚ್.ಆರ್. ಮ್ಯಾನೇಜರ್ ಕೊಟ್ರೇಶ್ ಸಾಹೇಬರು ಮೈಕಿನಲ್ಲಿ ಹೇಳಿದರು. ಬೀಜ ತಿಕ್ಕಿ ತಿಕ್ಕಿ ನಮ್ಮ ಹೆಂಗಸರ ಬೆರಳಿನ ಗೆರೆಗಳು ಸವೆದಿರುತ್ತವೆ. ಆ್ಯಪಿಗೆ ಹೆಬ್ಬೆಟ್ಟು ಗುರುತೇ ಸಿಗಲಿಲ್ಲ. ‘ರಜೆಯ ಪ್ರಕಾರವನ್ನು ಆಯ್ಕೆಮಾಡಿ’ ಎಂದು ಹದಿನಾಲ್ಕು ಸಾಲು ಬರುತ್ತಿತ್ತು. ಹದಿನಾಲ್ಕರಲ್ಲಿ ‘ಮಗಳು ದೊಡ್ಡಾಕಿ ಆಗ್ಯಾಳ’ ಎಂಬ ಸಾಲು ಇರಲಿಲ್ಲ. ಆರು ತಿಂಗಳಾದರೂ ಅದನ್ನು ಮುಟ್ಟಿದವರು ಹನ್ನೊಂದು ಮಂದಿ, ಅವರಲ್ಲಿ ನಾಲ್ಕು ಮಂದಿ ತಪ್ಪಿ ಮುಟ್ಟಿದವರು. ಉಳಿದವರೆಲ್ಲ ನನ್ನ ಕಿಟಕಿಗೇ ಬರುತ್ತಿದ್ದರು.

ಆಗ ಬಂದವಳು ಇಂಚರಾ. ಮೈಸೂರಿನ ಹುಡುಗಿ. ಜನ ಬಳಸುವ ಹಾಗೆ ಯಂತ್ರಗಳನ್ನು ರೂಪಿಸುವುದು ಅವಳ ಕೆಲಸ. ಲ್ಯಾಪ್‌ಟಾಪ್ ತೆರೆಯಲಿಲ್ಲ, ಭಾಷಣ ಮಾಡಲಿಲ್ಲ. ಮೂರು ವಾರ ಹೆಂಗಸರ ನಡುವೆ ಕೂತು ಬೀಜ ಆರಿಸಿದಳು, ಅವರ ಬುತ್ತಿಯ ರೊಟ್ಟಿ ತಿಂದಳು, ಖಾರಕ್ಕೆ ಅತ್ತಳು. ನನ್ನ ಕಿಟಕಿಯ ಪಕ್ಕ ಸ್ಟೂಲು ಹಾಕಿಕೊಂಡು ಐದು ದಿನ ಸುಮ್ಮನೆ ಕೂತಳು. ನನಗೆ ಆ ಹುಡುಗಿಯ ಮೇಲೆ ಬಹಳ ಪ್ರೀತಿ ಬಂದಿತ್ತು.

ಆರನೆಯ ದಿನ ಹೇಳಿದಳು: “ಅಕ್ಕ, ಯಾರೂ ಬಂದ ತಕ್ಷಣ ರಜೆ ಕೇಳಲ್ಲ ನೋಡಿ. ಮೊದಲು ಎಮ್ಮೆ ವಿಷಯ, ಆಮೇಲೆ ಅತ್ತೆ ವಿಷಯ, ಆಮೇಲೆ ಮಂಡಿನೋವು. ರಜೆ ಕೊನೇಲಿ ಬರುತ್ತೆ. ನೀವು ಅಷ್ಟು ಹೊತ್ತೂ ಒಂದು ಮಾತೂ ಆಡಲ್ಲ. ಬರೀ ಹೂಂ ಅಂತೀರ.”

“ಮತ್ತೇನ್ ಅನಬೇಕವ್ವಾ?”

“ಅದೇ ಅಕ್ಕ ವಿಷಯ. ನಾವೆಲ್ಲ ಯಂತ್ರಕ್ಕೆ ಮಾತಾಡೋದು ಕಲಿಸ್ತಾ ಕೂತಿದ್ವಿ. ಅದು ಕೇಳಿಸಿಕೊಳ್ಳೋದು ಕಲಿತರೆ ಏನಾಗುತ್ತೆ?”

ಬೀಜ ಕಾಪಿಡುವ ಕೋಲ್ಡ್ ಸ್ಟೋರೇಜಿನಲ್ಲಿ ನನ್ನ ದನಿ ಹಿಡಿದರು. ಶಬ್ದವಿಲ್ಲದ ಜಾಗ ಅದೊಂದೇ. ಶಾಲು ಹೊದ್ದು, ಗಂಟಲಿಗೆ ಮೆತ್ತನೆಯ ಒಂದು ಪಟ್ಟಿ ಕಟ್ಟಿಸಿಕೊಂಡು ಹನ್ನೊಂದು ದಿನ ಕೂತೆ. ಇಂಚರಾ ಒಬ್ಬೊಬ್ಬರನ್ನೇ ಕರೆತಂದು ಎದುರಿಗೆ ಕೂರಿಸುತ್ತಿದ್ದಳು. ಅವರು ಹೇಳುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ. ನಾಲ್ಕುನೂರ ಹನ್ನೆರಡು ಬಗೆಯ ಹೂಂ ಸಿಕ್ಕವಂತೆ. ಅದರ ಜೊತೆ ‘ಆಮ್ಯಾಲೆ?’ ಎಂಬ ಒಂದು ಮಾತು. ಮಾತಾಡುವವರ ಉಸಿರು ಎಲ್ಲಿ ಕಡಿಯುತ್ತದೆ, ಎಲ್ಲಿ ನಡುಗುತ್ತದೆ ಎಂದು ಯಂತ್ರ ಅಳೆದು, ಅದಕ್ಕೆ ಒಪ್ಪುವ ಹೂಂ ಹುಡುಕುತ್ತದೆ. ನನ್ನ ದನಿಯನ್ನು ಕಂಪನಿಗೆ ಕೊಟ್ಟಿದ್ದೇನೆಂದು ಒಂದು ಕಾಗದಕ್ಕೆ ಸಹಿ ಹಾಕಿದೆ. ಎಷ್ಟು ಜನರ ಸಂಕಟ ಹಗುರಾಗುತ್ತದೆ, ದೇವರ ಕೆಲಸ ಎಂದುಕೊಂಡೇ ಹಾಕಿದೆ.

ಡಬ್ಬಿಗೆ ‘ಸಖಿ’ ಎಂದು ಹೆಸರಿಟ್ಟರು. ಹೆಂಗಸರು ‘ಹೂಂ ಡಬ್ಬಿ’ ಅಂದರು. ನಲ್ಲಿಗಳ ಮೇಲೆ, ಕಂಪೌಂಡ್ ಗೋಡೆಗೆ, ಬಾಯಿಯ ಎತ್ತರಕ್ಕೆ ಜಡಿದರು. ಮುಟ್ಟುವ ಹಾಗಿಲ್ಲ, ಒತ್ತುವ ಹಾಗಿಲ್ಲ. ಕೈ ತೊಳೆಯುತ್ತ ಮಾತಾಡಿದರೆ ಸಾಕು. ಯಾರು ಮಾತಾಡುತ್ತಿದ್ದಾರೆಂದು ದನಿಯಿಂದಲೇ ತಿಳಿಯುತ್ತದೆ. ಕೊನೆಗೆ ‘ನಾಳೆ ಬರಾಂಗಿಲ್ಲ’ ಅಂದರೆ ಪಕ್ಕದ ಸೀಳಿನಿಂದ ರಜೆಯ ಚೀಟಿ ಬರುತ್ತದೆ.

ಮೊದಲ ವಾರ ನಾನೂ ಹೋಗಿ ನಿಂತು ಅರ್ಧ ದಿನದ ರಜೆ ಕೇಳಿದೆ. ಡಬ್ಬಿ ಸುಮ್ಮನಿತ್ತು. ಆಮೇಲೆ ‘ಆಮ್ಯಾಲೆ?’ ಅಂದಿತು. ಮತ್ತೆ ಕೇಳಿದೆ. ‘ಆಮ್ಯಾಲೆ?’ ಇಂಚರಾ ನಕ್ಕುಬಿಟ್ಟಳು.

“ನಿಮ್ಮದು ಅದಕ್ಕೆ ಕೇಳಿಸಲ್ಲ ಅಕ್ಕ. ತನ್ನ ಹೂಂ ತಾನೇ ಕೇಳಿಸಿಕೊಂಡು ಗೊಂದಲ ಆಗಬಾರದು ಅಂತ, ತನ್ನ ದನಿ ಕಿವಿಗೆ ಬಿದ್ದರೆ ಅಳಿಸಿಬಿಡುತ್ತೆ. ನಿಮ್ಮ ದನಿ ಅಂದರೆ ಅದರದೇ ಅಲ್ವಾ? ನೀವು ಮಾತಾಡೋವಾಗ ಪಕ್ಕದಲ್ಲಿ ಯಾರು ಏನು ಹೇಳಿದರೂ ಅದೂ ಅಳಿಸಿಹೋಗುತ್ತೆ. ನೀವು ಹೇಗೂ ಮಾತಾಡೋರಲ್ಲ. ತೊಂದರೆ ಇಲ್ಲ ಬಿಡಿ.”

ಮೂರು ತಿಂಗಳಲ್ಲಿ ಮುನ್ನೂರ ನಲವತ್ತರಲ್ಲಿ ಮುನ್ನೂರ ಮೂವತ್ತಾರು ಮಂದಿ ದಿನಾ ಡಬ್ಬಿಯ ಮುಂದೆ ನಿಲ್ಲತೊಡಗಿದರು. ನಲ್ಲಿಗೆ ಪಾಳಿ ಹಚ್ಚಿದರು. ಒಬ್ಬಳು ಹೆಚ್ಚು ಹೊತ್ತು ನಿಂತರೆ ಹಿಂದಿನವಳು, “ಏ, ನಿನ್ನ ಧಾರಾವಾಹಿ ನಾಳಿಗೆ ಇಟ್ಕೊಳ್ಳ, ನಮ್ಮೂ ಕತಿ ಅದಾವು” ಎಂದು ಬೈಯುತ್ತಿದ್ದಳು. ನನ್ನ ಕಿಟಕಿಗೆ ಬರುವವರು ಕಡಿಮೆಯಾದರು. ನನಗೆ ಬೇಸರವಾಗಲಿಲ್ಲ. ನನ್ನ ದನಿಯೇ ಅಲ್ಲಿ ಕೂತಿದೆಯಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ. ಆ ಹಿಗ್ಗಿಗೆ ಯಾವ ನೀರಿನಲ್ಲಿ ಮೀಯಬೇಕೋ ಇನ್ನೂ ಗೊತ್ತಾಗಿಲ್ಲ.

ಒಂದು ಮಂಗಳವಾರ ಹತ್ತು ಗಂಟೆಗೆ ಕೊಟ್ರೇಶ್ ಸಾಹೇಬರು ಮೇಲಿನ ಕೋಣೆಗೆ ಕರೆಸಿದರು. ಶಾಲು, ಹಣ್ಣಿನ ಬುಟ್ಟಿ ಇತ್ತು.

“ಬರ್ರಿ ದಾಕ್ಷಾಯಣಿಯವರ, ಕುಂದರ್ರಿ. ನಿಮ್ಮ ಗಂಟಲದಾಗ ಲಕ್ಷ್ಮಿ ಅದಾಳ್ರಿ. ದೊಡ್ಡ ದೊಡ್ಡ ಕಂಪನಿಯವರು ನಮ್ಮ ಡಬ್ಬಿ ನೋಡಾಕ ಬರಾಕತ್ತ್ಯಾರ.”

ಗೋಡೆಯ ತುಂಬ ಒಂದು ಪರದೆ. ಅದರ ಮೇಲೆ ಬೀಜಗಳು. ನಿಜವಾದ ಮೆಣಸಿನಕಾಯಿ ಬೀಜದಂತೆಯೇ ಹಳದಿ, ದುಂಡಗೆ, ಕೆಳಗಿನಿಂದ ಬೆಳಕು. ನಮ್ಮ ಮೇಜನ್ನೇ ಎತ್ತಿ ಗೋಡೆಗೆ ನಿಲ್ಲಿಸಿದ ಹಾಗಿತ್ತು. ಕೆಲವು ಬೀಜಗಳ ಮೇಲೆ ಕಪ್ಪು ಚುಕ್ಕಿ.

“ಭಾಳ ಚಂದ ಐತ್ರಿ,” ಅಂದೆ. ನಿಜವಾಗಿಯೂ ಚಂದವಿತ್ತು.

“ಇದು ಆ ಹುಡುಗಿ ನನಗಂತ ಮಾಡಿದ್ದು. ಮೊದಲ ಬರೇ ಅಂಕಿಸಂಖ್ಯೆ ಇರ್ತಿತ್ತು, ನೋಡಾಕ ಬ್ಯಾಸರ. ಈಗ ಒಂದ್ ಸಲ ಸರಿಸಿ ನೋಡ್ರಿ, ಮಸ್ತ್ ಅನಸ್ತೈತಿ.”

ನನ್ನ ಕನ್ನಡಕ ಕೆಳಗೆ ಕಿಟಕಿಯಲ್ಲೇ ಉಳಿದಿತ್ತು. ನನ್ನ ಮುಂದೆಯೇ ಒಂದು ಬೀಜ, ನಡುವೆ ದೊಡ್ಡ ಚುಕ್ಕಿ. ಒಂಬತ್ತು ವರ್ಷದ ರೂಢಿ. ಚುಕ್ಕಿ ಕಂಡರೆ ಕೈಗೆ ತಲೆಯನ್ನು ಕೇಳುವ ಪದ್ಧತಿಯಿಲ್ಲ. ಬೆರಳು ತಾನಾಗಿ ಅದನ್ನು ಎಡಕ್ಕೆ ದೂಡಿತು. ಬೀಜ ಜಾರಿ ಮೂಲೆಯ ಬುಟ್ಟಿಗೆ ಬಿತ್ತು. ಬಿದ್ದಾಗ ಒಂದು ಸದ್ದು ಬಂತು. ಮೆತ್ತಗೆ, ಸಮಾಧಾನವಾಗಿ.

‘ಹೂಂ.’

“ನೋಡಿದ್ರಿ?” ಸಾಹೇಬರು ಕೈ ತಟ್ಟಿದರು. “ಟ್ರೇನಿಂಗ್ ಸೈತ ಬೇಕಾಗಿಲ್ಲ! ಮೊದಲ ಟಣ್ ಅಂತಿತ್ತು, ಮನಸಿಗೆ ಒಂಥರಾ ಆಗ್ತಿತ್ತು. ಈಗ ನಿಮ್ಮ ದನಿ ಹಾಕ್ಯಾರ. ಎಷ್ಟ್ ಮಂದೀನ ತೆಗೆದ್ರೂ ಮನಸು ಹಗುರ ಇರ್ತೈತಿ.”

“ತೆಗೆದ್ರ ಅಂದ್ರ?”

ಆಗ ಹೇಳಿದರು. ಒಂದೊಂದು ಬೀಜವೂ ಒಬ್ಬೊಬ್ಬ ಹೆಂಗಸು. ಅವರು ಡಬ್ಬಿಗೆ ಹೇಳಿಕೊಂಡದ್ದರಿಂದ ಚುಕ್ಕಿಗಳು ಬೀಳುತ್ತವೆ. ಕಾಯಿಲೆಗೆ ಒಂದು, ಬಸಿರಿಗೆ ಒಂದು, ಬೇರೆ ಕಡೆ ಕೆಲಸ ಹುಡುಕುವುದಕ್ಕೆ ಒಂದು, ನಾಲ್ಕು ಮಂದಿ ಕೂಡಿ ಸಾಹೇಬರನ್ನು ಕೇಳೋಣ ಅಂದದ್ದಕ್ಕೆ ಎಲ್ಲಕ್ಕಿಂತ ದೊಡ್ಡದು. ಬುಟ್ಟಿಗೆ ಬಿದ್ದವರಿಗೆ ತಿಂಗಳ ಕೊನೆಗೆ ‘ಕೆಲಸ ಕಡಿಮಿ ಐತಿ’ ಎಂದು ಹೇಳಿ ಕಳಿಸುವುದು. ನಾನು ಪರದೆಗೆ ಮುಖ ಒಡ್ಡಿ, ಕಣ್ಣು ಕಿರಿದು ಮಾಡಿ, ಬುಟ್ಟಿಯೊಳಗಿನ ಹೆಸರು ಓದಿದೆ.

ಫಕ್ಕೀರವ್ವ.

ಮೂರನೆಯ ಸಾಲಿನ ಫಕ್ಕೀರವ್ವ. ಮೂವತ್ತೆಂಟರ ಹೆಣ್ಣುಮಗಳು. ಇಡೀ ಶೆಡ್ಡಿನಲ್ಲಿ ಅವಳಷ್ಟು ಚುರುಕು ಕೈ ಇನ್ನೊಂದಿಲ್ಲ.

“ಇಕೀಗೆ ಏನಾಗೇತ್ರಿ?”

“ಎಡಗಣ್ಣಾಗ ಪೊರಿ ಬಂದೈತಂತ. ಡಬ್ಬಿ ಮುಂದ ಅಂದಾಳ. ಕಣ್ಣಿಲ್ಲದಾಕಿ ಬೀಜ ಏನ್ ಆರಸ್ತಾಳ್ರಿ?”

“ಪೊರಿ ಅಂದ್ರ ಅರ್ಧಾ ತಾಸಿನ ಆಪರೇಶನ್ ರೀ. ಇಎಸ್‌ಐ ಚೀಟಿ ಕೊಟ್ರ ಆತು. ತಪ್ಪಿ ಸರಿಸಿದೆ, ವಾಪಸ್ ತಗೀರಿ.”

“ತಗಿಯಾಕ ಬರಾಂಗಿಲ್ಲ. ಆದ್ರ ನೀವೇನ್ ಹೆದರಬ್ಯಾಡ್ರಿ, ಭಾಳ ನ್ಯಾಯ ಐತಿ ಇದರಾಗ. ಒಂದು ವಿಷಯ ಡಬ್ಬಿ ಎರಡು ಸಲ ಕೇಳಬೇಕು. ವಾರದಾಗ ಆಕಿ ಮತ್ತೊಮ್ಮೆ ಕಣ್ಣಿನ ಮಾತು ಎತ್ತಲಿಲ್ಲಂದ್ರ ಬೀಜ ತಾನಾಗೇ ರಾಶಿಗೆ ಬರ್ತೈತಿ.” ಹಣ್ಣಿನ ಬುಟ್ಟಿ ನನ್ನ ಕಡೆ ಸರಿಸಿದರು. “ಸೇಬು ಕಾಶ್ಮೀರದ್ದು.”

ಎತ್ತಲೇಬೇಕಲ್ಲ! ಇಎಸ್‌ಐ ಚೀಟಿ ಈಗ ಡಬ್ಬಿಯಿಂದ ಮಾತ್ರ ಬರುತ್ತದೆ. ಚೀಟಿ ಬೇಕೆಂದರೆ ಕಣ್ಣಿನ ಮಾತು ಆಡಬೇಕು, ಆಡಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಚೀಟಿಯೂ ಇಲ್ಲ. ಮೂರು ದಿನ ಮಾತೇ ಆಡದೆ ಸುಮ್ಮನಿದ್ದವರಿಗೂ ಒಂದು ಚುಕ್ಕಿ ಇದೆಯಂತೆ. ಶಾಲು ಹೊದ್ದುಕೊಂಡೇ ಮೆಟ್ಟಿಲು ಇಳಿದೆ. ನಲ್ಲಿಯ ಹತ್ತಿರ ನನ್ನ ದನಿ ಯಾರದೋ ಸೊಸೆಯ ಕಥೆಗೆ ಕರುಣೆಯ ಹೂಂ ಅನ್ನುತ್ತಿದ್ದದ್ದು ಆಗ. ಕರುಣೆಯದು ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಊಟದ ಹೊತ್ತಿಗೆ ಫಕ್ಕೀರವ್ವನನ್ನು ಶೆಡ್ಡಿನ ಹಿಂದೆ ಕರೆದೊಯ್ದು ಎಲ್ಲ ಹೇಳಿದೆ. ನನ್ನ ಬೆರಳು ಮಾಡಿದ್ದನ್ನೂ ಹೇಳಿದೆ. ರೊಟ್ಟಿಯ ತುತ್ತು ಅವಳ ಕೈಯಲ್ಲೇ ನಿಂತಿತು.

“ಅಕ್ಕಾರ, ನಾ ಡಬ್ಬಿಗೆ ಎಲ್ಲಿ ಹೇಳೀನಿ? ಮನ್ಯಾಗ ಗಂಡಗೂ ಹೇಳಿಲ್ಲ. ನಿಮಗ ಹೇಳೀನಿ. ನೀವು ಹೂಂ ಅಂದ್ರಿ.”

ಮೈಮೇಲಿನ ಶಾಲು ತೆಗೆದು ಮಡಿಚಿದೆ.

“ನೀವು ಮ್ಯಾಲ ಕುಂತು ಕೇಳ್ತೀರಂತ ತಿಳದಿದ್ದೆ. ಎಲ್ಲಾರೂ ಹಂಗ ತಿಳದಾರ. ಇಲ್ಲಾಂದ್ರ ಒಂದು ತಗಡಿನ ಮುಂದ ಯಾರ್ ಅಳ್ತಾರ್ರಿ?” ತುತ್ತನ್ನು ಬುತ್ತಿಗೆ ವಾಪಸ್ ಹಾಕಿದಳು. “ಈಗ ಏನ್ ಮಾಡ್ಲಿ? ಮಬ್ಬು ಏರಾಕತ್ತೈತಿ. ಇನ್ನೆರಡು ತಿಂಗಳು ಬಿಟ್ರ ಚುಕ್ಕಿ ಕಾಣೂದಿಲ್ಲ. ಆಗ ಡಬ್ಬಿ ಯಾಕ ಬೇಕು, ಸೂಪರ್‌ವೈಸರ‍್ರೇ ಹೊರಗ ಹಾಕ್ತಾರ.”

ಸಂಜೆ ಮನೆಗೆ ಬಂದು, ಸ್ನಾನ ಮಾಡಿ, ದೇವರ ಮುಂದೆ ದೀಪ ಹಚ್ಚಿದೆ. ಎಂಬತ್ತನಾಲ್ಕರ ಅಪ್ಪ ಎಂದಿನಂತೆ ಗೋಡೆಗೆ ಒರಗಿ ಕೂತು ಬಾಯಿಪಾಠದ ಪುರಾಣ ಎತ್ತಿಕೊಂಡರು. ಕಾಡಿನಲ್ಲಿ ದಾರಿ ತಪ್ಪಿದ ರಾಣಿಯ ಸಂಧಿ. ನಾನು ಎದುರಿಗೆ ಕೂತೆ. ಒಂದು ಸಾಲು ಮುಗಿಯಿತು. ಹೂಂ ಅಂದೆ. ಇನ್ನೊಂದು ಸಾಲು. ಹೂಂ. ಅಪ್ಪ ನಿಲ್ಲಿಸಿದರು.

“ಯಾರದು?”

“ನಾನಪ್ಪಾ, ದಾಕ್ಷಾಣಿ.”

“ಅಲ್ಲ. ನೀ ಹಿಂಗ ಅನ್ನಾಂಗಿಲ್ಲ. ಸಾಲಿಗಿಂತ ಮೊದಲ ಹೂಂ ಬರಾಕತ್ತೈತಿ. ಯಾವುದೋ ಕೂಲಿ ಮಾಡಿದಂಗ.”

ಮತ್ತೆ ಯತ್ನಿಸಿದೆ. ಬಾಯಿ ಮುಚ್ಚಿ ಗಂಟಲಲ್ಲಿ ಆ ಸದ್ದು ಹುಟ್ಟುವಾಗಲೇ ಆ ಬುಟ್ಟಿ, ಅದರೊಳಗೆ ಜಾರುವ ಬೀಜ ಕಣ್ಣಿಗೆ ಬಂತು. ಎದ್ದು ಬಚ್ಚಲಿಗೆ ಓಡಿ ಕಾರಿಕೊಂಡೆ. ಬಾಯಿ ತೊಳೆದೆ, ಉಪ್ಪು ಹಾಕಿ ಮುಕ್ಕಳಿಸಿದೆ. ಗಂಟಲನ್ನು ಒಳಗಿನಿಂದ ತೊಳೆಯುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಬಂದು ಕೂತೆ. ಅಪ್ಪ ಹೇಳಿದರು: “ಯವ್ವಾ, ಹೂಂ ಬರದಿದ್ರ ಬಿಡು. ನೀ ಓದು ಇವತ್ತು. ನಾ ಹೂಂ ಅಂತೇನಿ.”

“ನನಗ ಎಲ್ಲಿ ಬರ್ತೈತಪ್ಪಾ?”

“ನಲವತ್ತೈದು ವರ್ಷ ಕಿವ್ಯಾಗ ಬಿದ್ದದ್ದು ಎಲ್ಲಿ ಹೋಗ್ತೈತಿ? ಬಾಯಿ ತಗಿ.”

ತೆಗೆದೆ. ಮೊದಲ ಪದ್ಯ ಒಡೆದ ದನಿಯಲ್ಲಿ ಬಂತು. ಎರಡನೆಯದು ತಾನಾಗಿ ಬಂತು. ಅಪ್ಪ ಹೂಂ ಅಂದರು. ಮೂರನೆಯ ಪದ್ಯದ ನಡುವೆ ನನಗೆ ಇಂಚರಾ ನಕ್ಕು ಹೇಳಿದ ಮಾತು ನೆನಪಾಯಿತು. ನೀವು ಮಾತಾಡೋವಾಗ ಪಕ್ಕದಲ್ಲಿ ಯಾರು ಏನು ಹೇಳಿದರೂ ಅದೂ ಅಳಿಸಿಹೋಗುತ್ತೆ. ನೀವು ಹೇಗೂ ಮಾತಾಡೋರಲ್ಲ.

ಇನ್ನೊಂದು ನಿಯಮವೂ ನೆನಪಾಯಿತು, ಅದನ್ನು ಬರೆಸಿದವಳು ನಾನೇ. ಡಬ್ಬಿ ಮೂರು ದಿನ ಏನನ್ನೂ ಕೇಳಿಸಿಕೊಳ್ಳದಿದ್ದರೆ ಕೆಟ್ಟಿದೆಯೆಂದು ಲೆಕ್ಕ. ನಾಲ್ಕನೆಯ ದಿನ ಟೈಮ್ ಆಫೀಸಿನಿಂದ ಕೈಬರಹದ ಚೀಟಿ ಕೊಡಬಹುದು. ಡಬ್ಬಿಯೇ ಕೆಟ್ಟರೆ ಸುಮ್ಮನಿದ್ದವರಿಗೆ ಚುಕ್ಕಿಯೂ ಬೀಳಲಾರದು.

ಬುಧವಾರ ಹನ್ನೊಂದು ಗಂಟೆಗೆ ನಲ್ಲಿಯ ಹತ್ತಿರ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಮುನ್ನೂರು ಹೆಂಗಸರ ಎದುರು ಬಾಯಿ ತೆರೆದೆ. ರಾಣಿ ಕಾಡು ಹೊಕ್ಕ ಪದ್ಯ ಎತ್ತಿಕೊಂಡೆ.

“ಏ, ದಾಕ್ಷಾಣಕ್ಕಾರಿಗೆ ಮೈಮ್ಯಾಲ ಬಂದೈತಿ ನೋಡ್ರೆ!” ಎಂದು ಒಬ್ಬಳು ಕಿರುಚಿದಳು.

“ಶ್ರಾವಣ ಇನ್ನೂ ಬಂದಿಲ್ರಿ ಅಕ್ಕಾರ, ಆಷಾಢದಾಗ ಚಾಲೂ ಮಾಡೀರಿ!”

ನಕ್ಕರು. ನಾನು ನಿಲ್ಲಿಸಲಿಲ್ಲ. ನಗುತ್ತಲೇ ಒಬ್ಬಳು ಡಬ್ಬಿಗೆ ಬಾಯಿ ಒಡ್ಡಿ ತನ್ನ ಕಥೆ ಶುರು ಮಾಡಿದಳು. ಡಬ್ಬಿ ಹೂಂ ಅನ್ನಲಿಲ್ಲ. ‘ಆಮ್ಯಾಲೆ?’ ಅಂದಿತು. ಅವಳು ಮತ್ತೆ ಹೇಳಿದಳು. ‘ಆಮ್ಯಾಲೆ?’ ನನ್ನದೇ ದನಿ ನನ್ನ ಬೆನ್ನ ಹಿಂದೆ ಕಿವುಡಿಯ ಹಾಗೆ ಕೇಳುತ್ತಲೇ ಇತ್ತು. ಸತ್ತ ನಾಲಿಗೆಯೊಂದು ಬೆನ್ನಿಗೆ ಅಂಟಿದಂತಿತ್ತು. ಪದ್ಯ ಬಿಡಲಿಲ್ಲ.

ಹನ್ನೊಂದಕ್ಕೆ, ಒಂದಕ್ಕೆ, ನಾಲ್ಕಕ್ಕೆ ನಿಂತೆ. ಹೆಂಗಸರನ್ನು ಶೆಡ್ಡಿನಿಂದ ನಲ್ಲಿಗೆ ಬಿಡುವುದು ಆ ಮೂರು ಹೊತ್ತು ಮಾತ್ರ. ಎರಡನೆಯ ದಿನ ನಗು ಕಡಿಮೆಯಾಯಿತು. ಫಕ್ಕೀರವ್ವ ಹತ್ತಿರದವರ ಕಿವಿಯಲ್ಲಿ ಹೇಳಿದ್ದಳು, ಅವರು ಉಳಿದವರಿಗೆ ಹೇಳಿದ್ದರು. ಕೆಲವರು ನನ್ನ ಕಡೆ ನೋಡಲಿಲ್ಲ. ಒಬ್ಬಳು ನನ್ನ ಕಾಲ ಹತ್ತಿರ ಉಗುಳಿ ಹೋದಳು. ಅವಳ ತಂಗಿಯ ಬಸಿರಿನ ಸುದ್ದಿ ಮೊದಲು ಕೇಳಿದ್ದು ಆ ಡಬ್ಬಿ, ಹೋದ ತಿಂಗಳು ಆ ತಂಗಿಯನ್ನು ಕೆಲಸದಿಂದ ತೆಗೆದಿದ್ದರು. ಉಗುಳಿದ್ದು ಸರಿಯೇ. ನಾನು ಅಲ್ಲಿಂದ ಕಾಲು ಸರಿಸಲಿಲ್ಲ.

ಅಚ್ಚರಿಯೆಂದರೆ, ತಿಳಿದ ಮೇಲೂ ಕೆಲವರು ಡಬ್ಬಿಗೆ ಮಾತಾಡುವುದು ಬಿಡಲಿಲ್ಲ. “ಗೊತ್ತೈತ್ರಿ ಅಕ್ಕಾರ, ಚಾಡಿ ಹೇಳ್ತೈತಿ,” ಎಂದಳು ಸೊಸೆಯ ಕಥೆಯವಳು. “ಆದ್ರ ಮತ್ತ್ಯಾರ್ ಕೇಳ್ತಾರ? ನೀವು ಓದಕೋತ ಇರ್ರಿ, ಅದು ಕೇಳಿಸ್ಕೊಳ್ಳೂದು ಬ್ಯಾಡ. ನಾ ಹೇಳಕೋತ ಇರ್ತೀನಿ.” ಹಾಗೇ ಮಾಡಿದೆವು.

ಶನಿವಾರ ಬೆಳಗ್ಗೆ ಟೈಮ್ ಆಫೀಸಿನ ಕಂಪ್ಯೂಟರ್ ಪರದೆಯ ಮೇಲೆ ‘ಸಖಿ ಮೂರು ದಿನದಿಂದ ಮೌನ’ ಎಂದು ಬಂತು. ಎಂಟೂವರೆಗೆ ಹಳೆಯ ಚೀಟಿ ಪುಸ್ತಕ ತೆಗೆದು ಫಕ್ಕೀರವ್ವನ ಹೆಸರು, ನಂಬರು ಬರೆದೆ. ಕಾಯಿಲೆಯ ಸಾಲಿನಲ್ಲಿ ‘ವೈದ್ಯರು ನೋಡಿ ತಿಳಿಸುವುದು’ ಎಂದು ಬರೆದು ಮುದ್ರೆ ಒತ್ತಿದೆ.

“ಇವತ್ತ ಹುಬ್ಬಳ್ಳಿಗೆ ಹೋಗು. ಹಿಂದ ನೋಡಬ್ಯಾಡ.”

ಚೀಟಿಯನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡಳು. ಏನೋ ಹೇಳಲು ಬಾಯಿ ತೆರೆದಳು. ಹಿಂದೆಯಾಗಿದ್ದರೆ ನಾನು ಹೂಂ ಅನ್ನುತ್ತಿದ್ದೆ. ಬರಲಿಲ್ಲ. ಅವಳ ಕೈ ಹಿಡಿದೆ.

ಸೋಮವಾರ ಇಂಚರಾ ಮೈಸೂರಿನಿಂದ ಬಂದಿಳಿದಳು. ಮಧ್ಯಾಹ್ನದ ಹೊತ್ತಿಗೆ ನನ್ನನ್ನು ಕೋಲ್ಡ್ ಸ್ಟೋರೇಜಿಗೆ ಕರೆಸಿದಳು. ಅದೇ ಕುರ್ಚಿ, ಅದೇ ಚಳಿ. ಲ್ಯಾಪ್‌ಟಾಪಿನಲ್ಲಿ ಮೂರು ದಿನದ ದನಿಯ ಗೆರೆ ಇತ್ತು. ಉದ್ದಕ್ಕೂ ನೇರ, ಏನೂ ಇಲ್ಲ.

“ಡಬ್ಬಿ ಕೆಟ್ಟಿಲ್ಲ ಅಕ್ಕ. ನೀವು ಅಲ್ಲಿ ನಿಂತಿದ್ರಿ.”

“ಹೌದು, ನಿಂತಿದ್ದೆ.”

“ಯಾಕೆ ಅಕ್ಕ? ಅವರೇ ಐದಕ್ಕೆ ನಾಲ್ಕು ಮುಕ್ಕಾಲು ನಕ್ಷತ್ರ ಕೊಟ್ಟಿದಾರೆ. ಅವರಿಗೆ ಇಷ್ಟ ಆಗಿದೆ. ಬಳಸೋರಿಗೆ ಹಿತವಾಗಿರಬೇಕು ಅಂತ ನಾನು ಎಷ್ಟು ಕಷ್ಟಪಟ್ಟೆ, ನೀವೇ ನೋಡಿದೀರಿ.”

“ಬಳಸೋರು ಅಂದ್ರ ಯಾರವ್ವಾ?”

“ಇಬ್ಬರೂ. ಕೆಳಗೆ ಮಾತಾಡೋರು, ಮೇಲೆ ನೋಡೋರು. ಇಬ್ಬರಿಗೂ ಸುಲಭ ಆಗಬೇಕು.”

“ಆಗೇತಿ. ಭಾಳ ಸುಲಭ ಆಗೇತಿ. ನಾ ಕನ್ನಡಕ ಇಲ್ದನ ಒಬ್ಬಾಕಿನ್ನ ಕೆಲಸದಿಂದ ತಗದೆ ನೋಡು. ಬೆರಳಿಗೆ ನೋವು ಸೈತ ಆಗಲಿಲ್ಲ.”

ಅವಳು ಪರದೆ ಮುಚ್ಚಿದಳು. ಕಣ್ಣಲ್ಲಿ ನೀರಿತ್ತು. ಅದು ಸುಳ್ಳಿನ ನೀರಲ್ಲ, ಅದೇ ನನಗೆ ಇನ್ನಷ್ಟು ಅಸಹ್ಯ ಹುಟ್ಟಿಸಿತು. ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳಬಲ್ಲ ಹುಡುಗಿ ಇದು.

“ಆ ಸದ್ದು ನಾನೇ ಹಾಕಿದ್ದು,” ಅಂದಳು ನೆಲ ನೋಡುತ್ತ. “ಬುಟ್ಟಿಗೆ ಬೀಳೋವಾಗಿಂದು. ಸರ್‌ಗೆ ಸರಿಸೋಕೆ ಮನಸ್ಸಾಗ್ತಿಲ್ಲ ಅಂದ್ರು. ಅವರ ತೊಂದರೇನೂ ಕೇಳಿಸಿಕೋಬೇಕಲ್ವಾ ಅಕ್ಕ?”

ಅವಳು ನನ್ನ ಹೂಂಗಾಗಿ ಕಾಯುತ್ತಿದ್ದಳು. ನನ್ನಿಂದ ಅದು ಬರಲಿಲ್ಲ. ಕೊನೆಗೆ ಎದ್ದು ಹೋದಳು.

ಮರುದಿನ ಕೊಟ್ರೇಶ್ ಸಾಹೇಬರು ಕರೆಸಿದರು. ಈ ಸಲ ಹಣ್ಣು ಇರಲಿಲ್ಲ.

“ದನಿ ಬದಲಿ ಮಾಡ್ಬೇಕಂದ್ರ ಆ ಹುಡುಗಿ ಬ್ಯಾಡ ಅಂತಾಳ. ಬ್ಯಾರೆ ದನಿಗೆ ಮಂದಿ ಬಾಯಿ ಬಿಡಾಂಗಿಲ್ಲಂತ, ಮತ್ತ ಮೊದಲಿನ ಆ್ಯಪಿನ ಗತಿ ಆಗ್ತೈತಂತ. ಅದಕ್ಕ ದನಿ ಇರಲಿ. ಸಹಿ ಮಾಡೀರಿ, ಅದು ನಮ್ಮದು. ನೀವು ಮನೀಗೆ ಹೋಗ್ರಿ.”

ಪರದೆಯ ಮೇಲೆ ನನ್ನ ಹೆಸರಿನ ಬೀಜವನ್ನು ಎಡಕ್ಕೆ ಸರಿಸಿದರು. ನನಗೆ ಎರಡನೆಯ ಸಲ ಕೇಳುವ ನ್ಯಾಯ ಬೇಕಾಗಲಿಲ್ಲ. ಬುಟ್ಟಿಗೆ ಬಿದ್ದಾಗ ಅದು ಹೂಂ ಅಂದಿತು. ನನ್ನನ್ನು ಹೊರಗೆ ಹಾಕಿದ ಸುದ್ದಿಗೆ ನಾನೇ ಎಷ್ಟು ಸಮಾಧಾನದಿಂದ ಹೂಂಗುಟ್ಟಿದೆ!

ಹೊರಗೆ ಬಂದು ಗೇಟಿನಿಂದ ಬಸ್ಸಿನ ನಿಲ್ದಾಣದ ಕಡೆ ಕಂಪೌಂಡ್ ಗೋಡೆಯ ಗುಂಟ ನಡೆದೆ. ಅರ್ಧ ದಾರಿಯಲ್ಲಿ ನೀರಿನ ಸದ್ದು ಕೇಳಿತು. ನಲ್ಲಿಗಳು. ಗೋಡೆಯ ಆಚೆ ಡಬ್ಬಿ, ಈಚೆ ಸರ್ಕಾರದ ರಸ್ತೆ, ಒಂದು ಬೇವಿನ ಗಿಡ. ಆಳೆತ್ತರದ ಗೋಡೆ, ದನಿಗೆ ಯಾವ ಲೆಕ್ಕ?

ಅಂದಿನಿಂದ ಹನ್ನೊಂದಕ್ಕೆ, ಒಂದಕ್ಕೆ, ನಾಲ್ಕಕ್ಕೆ ಬೇವಿನ ಕೆಳಗೆ ನಿಲ್ಲುತ್ತೇನೆ. ಲಾರಿಯವರು ಹಾರ್ನ್ ಹೊಡೆದು ನಗುತ್ತಾರೆ. ವಾಚ್‌ಮನ್ ಎರಡು ಸಲ ಗದರಿಸಿದ. ಮೂರನೆಯ ಸಲ, “ರಾಣಿ ಮುಂದ ಏನ್ ಆದ್ಲ್ರಿ?” ಎಂದು ಕೇಳಿದ. ಗೋಡೆಯ ಆಚೆ ಡಬ್ಬಿ ನನ್ನ ದನಿಯಲ್ಲಿ ‘ಆಮ್ಯಾಲೆ? ಆಮ್ಯಾಲೆ?’ ಅನ್ನುವುದು ಕೇಳಿಸುತ್ತದೆ. ಪ್ರತಿ ಸಲವೂ ಮೈ ಹೇಸುತ್ತದೆ. ಇದು ತೊಳೆದುಹೋಗುವ ಹೇಸಿಗೆಯಲ್ಲ. ನಾನು ಸತ್ತ ಮೇಲೂ ಆ ಗೋಡೆಯ ಮೇಲೆ ಅದು ಹೂಂ ಅನ್ನುತ್ತಲೇ ಇರಬಹುದು.

ಹದಿನೆಂಟನೆಯ ದಿನ, ನಾಲ್ಕು ಗಂಟೆಗೆ, ರಾಣಿಗೆ ಕಾಡಿನಲ್ಲಿ ದೂರದ ದೀಪ ಕಾಣುವ ಪದ್ಯ ಓದುತ್ತಿದ್ದೆ. ಸಾಲು ಮುಗಿಯಿತು. ಉಸಿರು ತೆಗೆದುಕೊಳ್ಳಲು ನಿಂತೆ. ಗೋಡೆಯ ಆಚೆಯಿಂದ ಒಂದು ಸದ್ದು ಬಂತು. ಸಾಲಿಗಿಂತ ಮುಂಚೆ ಅಲ್ಲ, ತಡವಾಗಿಯೂ ಅಲ್ಲ, ಅರ್ಥ ಒಳಗಿಳಿಯುವಷ್ಟು ಹೊತ್ತು ಬಿಟ್ಟು.

“ಹೂಂ.”

ನನ್ನ ದನಿಯಲ್ಲ. ಒರಟು, ಸ್ವಲ್ಪ ಮೂಗಿನ ದನಿ.

“ಫಕ್ಕೀರವ್ವಾ?”

“ಹೌದ್ರಿ ಅಕ್ಕಾರ. ನಿನ್ನೆ ಪಟ್ಟಿ ಬಿಚ್ಚಿದ್ರು. ಗಿಡದ ತುದೀ ಎಲಿ ಸೈತ ಕಾಣಾಕತ್ತೈತಿ. ಇನ್ನ ಡಬ್ಬಿ ಕೇಳಿದ್ರೂ ನನಗ ಹೆದರಿಕಿ ಇಲ್ಲ.” ನಲ್ಲಿ ನಿಲ್ಲಿಸಿದ ಸದ್ದು. “ಆದ್ರ ನಿಲ್ಲಸಬ್ಯಾಡ್ರಿ, ನೀವು ನಿಂತ್ರ ಉಳದವರದು ಅದಕ್ಕ ಕೇಳಸ್ತೈತಿ. ಇಲ್ಲಿ ಪಾಳಿ ಹಚ್ಯಾರ, ಒಬ್ಬೊಬ್ರ ತಮ್ಮ ತಮ್ಮದು ಹೇಳಾಕ ನಿಂತಾರ. ಓದ್ರಿ.”

ಓದಿದೆ.